ಐಡ್ಲಿಂಗ್‌ನಲ್ಲಿ ಮಿಸ್ಸಿಂಗ್ ಹೊಡೆಯುವ 1966ರ ಎಂಜಿಬಿ: ದೋಷ ಯಾವ ಸಿಲಿಂಡರಿನದು?

ಕೋಥ್ರೂಡ್, ಪುಣೆ

ಎಲ್ಲರಿಗೂ ನಮಸ್ಕಾರ. ತಂದೆಯವರ ಕಾಲದಿಂದ ನಮ್ಮ ಮನೆಯಲ್ಲಿರುವ 1966ರ ಎಂಜಿಬಿ ರೋಡ್‌ಸ್ಟರ್ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ ತಮ್ಮೆಲ್ಲರ ಸಲಹೆ ಬೇಕಾಗಿದೆ. ಐದು ಮೇನ್ ಬೇರಿಂಗಿನ 1798 ಸಿಸಿ ಎಂಜಿನ್, ಪೆಟ್ರೋಲು ಮತ್ತು ಗಾಳಿಯನ್ನು ಬೆರೆಸುವ ಎರಡು ಎಸ್‌ಯು ಎಚ್‌ಎಸ್4 ಕಾರ್ಬುರೇಟರುಗಳು, ಕಿಡಿಯ ವಿದ್ಯುತ್ತನ್ನು ಸಿಲಿಂಡರುಗಳಿಗೆ ಹಂಚುವ ಲ್ಯೂಕಾಸ್ ಡಿಸ್ಟ್ರಿಬ್ಯೂಟರು. ಇಗ್ನಿಷನ್ ಇನ್ನೂ ಪಾಯಿಂಟ್ (ಕಿಡಿಗಾಗಿ ವಿದ್ಯುತ್ ಕಡಿಯುವ ಪುಟ್ಟ ಸ್ವಿಚ್ಚು) ಮತ್ತು ಕಂಡೆನ್ಸರ್‌ನದೇ, ಬ್ಯಾಟರಿಯ ಪಾಸಿಟಿವ್ ತುದಿಯನ್ನು ಗಾಡಿಯ ಲೋಹಕ್ಕೆ ಜೋಡಿಸಿ ಅರ್ತ್ ಮಾಡುವ ಹಳೆಯ ಪದ್ಧತಿಯನ್ನೂ ಬದಲಾಯಿಸಿಲ್ಲ.

ಮಳೆಗಾಲವಿಡೀ ಮುಚ್ಚಿಟ್ಟಿದ್ದ ಕಾರನ್ನು ಹೊರತೆಗೆದಾಗಿನಿಂದ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಿರುವಾಗಿನ ಎಂಜಿನ್ ಓಟ) ಕೆಟ್ಟಿದೆ. ಬೆಳಿಗ್ಗೆ ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚಿಸುವ ಚೋಕ್ ಎಳೆದು ಸ್ಟಾರ್ಟ್ ಮಾಡಿದರೆ ಸಾಕಷ್ಟು ಚೆನ್ನಾಗಿಯೇ ಓಡುತ್ತದೆ. ಎಂಜಿನ್ ಬಿಸಿಯಾಗಿ ಚೋಕ್ ಒಳಗೆ ತಳ್ಳಿದ ಮೇಲೆ ಸಿಗ್ನಲ್‌ನಲ್ಲಿ ನಿಂತಾಗ ಇಡೀ ಗಾಡಿ ನಡುಗುತ್ತದೆ, ಸೈಲೆನ್ಸರಿನ ಬಾಯಿಯಲ್ಲಿ ಒಂದೇ ಲಯದಲ್ಲಿ ಬಿಟ್ಟುಬಿಟ್ಟು ಪುಸುಗುಟ್ಟುವ ಸದ್ದು ಕೇಳಿಸುತ್ತದೆ. ಎಂಜಿನ್ ನಿಮಿಷಕ್ಕೆ 2000 ಸುತ್ತು ದಾಟಿದರೆ ಬಹುಮಟ್ಟಿಗೆ ಸರಿಯಾಗುತ್ತದೆ. ಕಾತ್ರಜ್ ಘಾಟಿಯನ್ನು ಹತ್ತುವಾಗ ತೊಂದರೆ ಗೊತ್ತಾಗುವುದೇ ಇಲ್ಲ. ಊರಿನ ಒಂದು ಗ್ಯಾರೇಜಿನಲ್ಲಿ ಪ್ಲಗ್, ಹೈಟೆನ್ಷನ್ ವೈರು ಮತ್ತು ಕಾಯಿಲ್‌ಗಳನ್ನು ಹೊಸದಾಗಿ ಹಾಕಿದರು, ಏನೂ ವ್ಯತ್ಯಾಸವಾಗಲಿಲ್ಲ. ಈಗ ಎರಡೂ ಕಾರ್ಬುರೇಟರುಗಳನ್ನು ತೆಗೆದು ಬೇರೆ ಬಗೆಯ ಒಂದೇ ಕಾರ್ಬುರೇಟರು ಕೂರಿಸೋಣ ಎನ್ನುತ್ತಿದ್ದಾರೆ. ಆ ಕೆಲಸಕ್ಕೆ ಒಪ್ಪುವ ಮೊದಲು ದೋಷ ನಿಜವಾಗಿ ಎಲ್ಲಿದೆ ಎಂದು ತಿಳಿಯಬೇಕೆಂಬುದು ನನ್ನ ಆಸೆ.

ಮಾಟುಂಗಾ, ಮುಂಬಯಿ

ಕಾರ್ಬುರೇಟರುಗಳನ್ನು ದಯವಿಟ್ಟು ತೆಗೆಸಬೇಡಿ. ಒಂದೇ ಲಯದಲ್ಲಿ ಬರುವ ಮಿಸ್ಸಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲು ಸರಿಯಾಗಿ ಹೊತ್ತದಿರುವುದು) ಎಂದರೆ ಸಾಮಾನ್ಯವಾಗಿ ಒಂದು ಅಥವಾ ಎರಡು ನಿರ್ದಿಷ್ಟ ಸಿಲಿಂಡರುಗಳು ಕೆಲಸ ಮಾಡುತ್ತಿಲ್ಲ ಎಂದರ್ಥ. ಕಾಯಿಲ್, ಕಂಡೆನ್ಸರ್, ಪಾಯಿಂಟ್ ಇವು ನಾಲ್ಕೂ ಸಿಲಿಂಡರುಗಳಿಗೆ ಸಮಾನವಾದ ಭಾಗಗಳು. ಅವು ಕೆಟ್ಟರೆ ಮಿಸ್ಸಿಂಗ್ ಲಯವಿಲ್ಲದೆ, ಯಾವುದೋ ಕ್ಷಣದಲ್ಲಿ ಯಾವುದೋ ಸಿಲಿಂಡರಿನಲ್ಲಿ ಬರುತ್ತದೆ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಸಿಲಿಂಡರು?

ಈ ಎಂಜಿನ್ನಿನ ರಚನೆಯೇ ಇಲ್ಲಿ ನಮಗೆ ನೆರವಾಗುತ್ತದೆ. ನಾಲ್ಕು ಸಿಲಿಂಡರುಗಳಿದ್ದರೂ ಅವುಗಳ ಮೇಲೆ ಕೂರುವ ಹೆಡ್‌ನಲ್ಲಿ ಮಿಶ್ರಣ ಒಳಬರುವ ಇನ್‌ಲೆಟ್ ದ್ವಾರಗಳು ಎರಡೇ. ಒಂದು ಮತ್ತು ಎರಡನೆಯ ಸಿಲಿಂಡರುಗಳು ಒಂದು ದ್ವಾರವನ್ನು ಹಂಚಿಕೊಂಡು ಬಹುಪಾಲು ಮುಂದಿನ ಕಾರ್ಬುರೇಟರಿನಿಂದ ಉಸಿರಾಡುತ್ತವೆ. ಮೂರು ಮತ್ತು ನಾಲ್ಕು ಇನ್ನೊಂದನ್ನು ಹಂಚಿಕೊಂಡು ಹಿಂದಿನದರಿಂದ. ಹೊಗೆ ಹೊರಹೋಗುವ ಎಕ್ಸಾಸ್ಟ್ ದ್ವಾರಗಳು ಮೂರು, ಅವುಗಳಲ್ಲಿ ನಡುವಿನದು ಎರಡು ಮತ್ತು ಮೂರನೆಯ ಸಿಲಿಂಡರುಗಳಿಗೆ ಸೇರಿದ್ದು. ಹೀಗಾಗಿ ಒಂದು ಮತ್ತು ಎರಡು ಒಟ್ಟಿಗೆ ಸೊರಗಿದ್ದರೆ ಮುಂದಿನ ಕಾರ್ಬುರೇಟರನ್ನೂ, ಮೂರು ಮತ್ತು ನಾಲ್ಕು ಸೊರಗಿದ್ದರೆ ಹಿಂದಿನದನ್ನೂ ನೋಡಬೇಕು. ಅಕ್ಕಪಕ್ಕದ ಎರಡು ಮತ್ತು ಮೂರು ಒಟ್ಟಿಗೆ ಕೈಕೊಟ್ಟಿದ್ದರೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್ಟಿನ (ಹೆಡ್‌ನ ಅಡಿಯಲ್ಲಿ ಸೋರದಂತೆ ತಡೆಯುವ ಪದರ) ಮೇಲೆ ಅನುಮಾನ ಬರಬೇಕು. ಒಂದೇ ಸಿಲಿಂಡರಾಗಿದ್ದರೆ ಪ್ಲಗ್, ವೈರು, ಡಿಸ್ಟ್ರಿಬ್ಯೂಟರಿನ ಕ್ಯಾಪ್ ಅಥವಾ ದ್ವಾರವನ್ನು ತೆರೆದು ಮುಚ್ಚುವ ವಾಲ್ವ್.

ಪರೀಕ್ಷೆ ಸರಳವಾದದ್ದು. ಎಂಜಿನ್ ಪೂರ್ತಿ ಬಿಸಿಯಾಗಲಿ. ಐಡ್ಲಿಂಗನ್ನು 900 ಸುತ್ತಿನ ಆಸುಪಾಸಿಗೆ ಏರಿಸಿ, ಒಂದೊಂದೇ ಪ್ಲಗ್ಗಿನ ವೈರನ್ನು ಇನ್ಸುಲೇಟೆಡ್ ಇಕ್ಕಳದಿಂದ ಕಿತ್ತು ಎಂಜಿನ್ನಿನ ಲೋಹಕ್ಕೆ ಮುಟ್ಟಿಸಿ ಹಿಡಿಯಿರಿ. ವೈರನ್ನು ಗಾಳಿಯಲ್ಲಿ ತೂಗುಬಿಟ್ಟರೆ ಕಾಯಿಲಿನ ವೋಲ್ಟೇಜು ದಾರಿ ಹುಡುಕಿಕೊಂಡು ರೋಟರನ್ನೋ ಕ್ಯಾಪನ್ನೋ ಕೊರೆದೀತು. ಸರಿಯಾಗಿ ಕೆಲಸ ಮಾಡುವ ಸಿಲಿಂಡರನ್ನು ನಿಲ್ಲಿಸಿದರೆ ಸುತ್ತು ಸ್ಪಷ್ಟವಾಗಿ ಬೀಳುತ್ತದೆ, ಮೊದಲೇ ನಿಂತಿರುವುದನ್ನು ನಿಲ್ಲಿಸಿದರೆ ಏನೂ ಆಗುವುದಿಲ್ಲ. ನಾಲ್ಕರ ಇಳಿತವನ್ನೂ ಬರೆದಿಟ್ಟುಕೊಳ್ಳಿ.

ಇನ್ನೊಂದು ಮಾತು. ಹೊಸ ಕಾಯಿಲ್ ಹಾಕಿದ್ದಾರೆ ಎಂದಿರಿ. ಪಾಸಿಟಿವ್ ಅರ್ತ್ ಇರುವ ಗಾಡಿಯಲ್ಲಿ ಕಾಯಿಲಿನ ಪ್ಲಸ್ ತುದಿ ಡಿಸ್ಟ್ರಿಬ್ಯೂಟರಿಗೆ, ಮೈನಸ್ ತುದಿ ಇಗ್ನಿಷನ್ ಸ್ವಿಚ್ಚಿಗೆ ಹೋಗಬೇಕು. ಇಂದಿನ ಮೆಕ್ಯಾನಿಕ್‌ಗಳು ರೂಢಿಯಂತೆ ತಿರುಗುಮುರುಗಾಗಿ ಜೋಡಿಸುವುದುಂಟು. ಆಗಲೂ ಎಂಜಿನ್ ಓಡುತ್ತದೆ, ಕಿಡಿ ಮಾತ್ರ ಬಲ ಕಳೆದುಕೊಳ್ಳುತ್ತದೆ.

ವಾಸ್ಕೋ, ಗೋವಾ

ಮಾಟುಂಗಾದ ಹಿರಿಯರು ಹೇಳಿದ ಕ್ರಮಕ್ಕೆ ನನ್ನ ಸಹಮತವಿದೆ. ಜೊತೆಗೆ ಪೆಟ್ರೋಲಿನ ವಿಷಯವನ್ನೂ ಸೇರಿಸಬೇಕೆನಿಸುತ್ತದೆ. ಈಗ ಬಂಕ್‌ಗಳಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲು. ಶುದ್ಧ ಪೆಟ್ರೋಲಿನ ಒಂದು ಭಾಗಕ್ಕೆ ತೂಕದಲ್ಲಿ 14.7 ಭಾಗ ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು 13.5 ಸಾಕು. ಆಮ್ಲಜನಕ ಸಂವೇದಕವಿರುವ ಇಂದಿನ ಕಾರು ತಾನೇ ಸರಿಹೊಂದಿಸಿಕೊಳ್ಳುತ್ತದೆ. ಪೆಟ್ರೋಲು ಬರುವ ರಂಧ್ರವಾದ ಜೆಟ್ಟಿನಲ್ಲಿ ಸೂಜಿ ಏರಿಳಿಯುವ ಎಸ್‌ಯು ಕಾರ್ಬುರೇಟರಿಗೆ ಆ ಅರಿವಿಲ್ಲ, ಹಳೆಯ ಪೆಟ್ರೋಲಿಗೆ ಹೊಂದಿಸಿದ್ದ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಚೋಕ್ ಎಳೆದಾಗ ಸರಿಯಾಗಿದ್ದು ತಳ್ಳಿದ ಮೇಲೆ ಕೆಡುವುದು ತೆಳು ಮಿಶ್ರಣದ ಲಕ್ಷಣವೇ. ಅಲ್ಲದೆ ಎಥನಾಲ್ ತೇವವನ್ನು ಎಳೆದುಕೊಳ್ಳುತ್ತದೆ; ನಮ್ಮ ಕರಾವಳಿಯ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ನೀರು ಬೆರೆತ ಪದರವೊಂದು ತಳಕ್ಕೆ ಇಳಿದಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಳೆಯ ರಬ್ಬರ್ ಪೈಪುಗಳೂ ಉಬ್ಬಿ ಒಳಪದರ ಕಳಚುತ್ತವೆ. ಹಳೆಯ ಪೆಟ್ರೋಲನ್ನು ಪೂರ್ತಿ ಇಳಿಸಿ, ಎಥನಾಲ್ ತಡೆಯುವ ಆರ್9 ದರ್ಜೆಯ ಪೈಪುಗಳನ್ನು ಹಾಕಿಸಿ, ಎರಡೂ ಫ್ಲೋಟ್ ಚೇಂಬರುಗಳನ್ನು (ಕಾರ್ಬುರೇಟರಿನ ಪೆಟ್ರೋಲು ಬಟ್ಟಲು) ತೆರೆದು ತೊಳೆಯಿರಿ.

ಆ ವರ್ಷದ ಗಾಡಿಯಲ್ಲಿ ಇನ್‌ಲೆಟ್ ಮ್ಯಾನಿಫೋಲ್ಡಿನ (ಕಾರ್ಬುರೇಟರಿನಿಂದ ಹೆಡ್‌ಗೆ ಹೋಗುವ ಕೊಳವೆ) ಮೇಲೆ ಎಂಜಿನ್ನಿನ ಕೆಳಭಾಗವಾದ ಕ್ರ್ಯಾಂಕ್‌ಕೇಸ್‌ನ ಗಾಳಿಯನ್ನು ಎಳೆಯುವ ಅಣಬೆಯಾಕಾರದ ವಾಲ್ವ್ ಇರುತ್ತದೆ. ಅದರ ರಬ್ಬರ್ ಡಯಾಫ್ರಮ್ ಹರಿದರೆ ಲೆಕ್ಕಕ್ಕೆ ಸಿಗದ ಗಾಳಿ ನೇರವಾಗಿ ಒಳಗೆ ನುಗ್ಗುತ್ತದೆ. ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದರೆ ಸುತ್ತು ಸ್ವಲ್ಪ ಏರಬೇಕು. ಏರದಿದ್ದರೆ ಆ ವಾಲ್ವನ್ನು ಬಿಚ್ಚಿ ನೋಡಿ. ಇದಾದ ಮೇಲೆ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿಕೊಂಡರೆ ತೇವದ ಕಾಟವೂ ಕಡಿಮೆಯಾದೀತು ಎಂಬುದು ನನ್ನ ಅಭಿಪ್ರಾಯ.

ಮಾಟುಂಗಾ, ಮುಂಬಯಿ

ಎಲೆಕ್ಟ್ರಾನಿಕ್ ಇಗ್ನಿಷನ್ ಒಳ್ಳೆಯದೇ, ಆದರೆ ಈಗ ಬೇಡ. ದೋಷ ಹುಡುಕುತ್ತಿರುವಾಗ ಹೊಸ ಭಾಗವೊಂದನ್ನು ತಂದು ಸೇರಿಸಿದರೆ ಅನುಮಾನಿಸಬೇಕಾದ ಪಟ್ಟಿಗೆ ಇನ್ನೊಂದು ಹೆಸರು ಸೇರಿದಂತಾಗುತ್ತದೆ. ಪಾಯಿಂಟಿನ ಸಂದು 0.35ರಿಂದ 0.40 ಮಿ.ಮೀ. ಇದೆಯೇ, ಪ್ಲಗ್ಗಿನ ಸಂದು 0.64 ಮಿ.ಮೀ. ಇದೆಯೇ ಎಂದಷ್ಟೇ ನೋಡಿ ಮುಂದೆ ಹೋಗಿ.

ಕೋಥ್ರೂಡ್, ಪುಣೆ

ಎಲ್ಲರಿಗೂ ಕೃತಜ್ಞತೆಗಳು. ಟ್ಯಾಂಕ್ ಖಾಲಿ ಮಾಡಿಸಿ ಪೈಪುಗಳನ್ನು ಬದಲಾಯಿಸಿದೆವು, ಫ್ಲೋಟ್ ಚೇಂಬರುಗಳಲ್ಲಿ ಕಂದು ಬಣ್ಣದ ಕೆಸರಿತ್ತು, ಅದನ್ನೂ ತೊಳೆದೆವು. ಹೊಸ ಪೆಟ್ರೋಲಿನಿಂದ ಪಿಕಪ್ ಸುಧಾರಿಸಿತು, ಆದರೆ ನಡುಕ ಹಾಗೆಯೇ ಉಳಿಯಿತು. ಆಯಿಲ್ ಮುಚ್ಚಳ ತೆಗೆದಾಗ ಸುತ್ತು ಏರುತ್ತದೆ, ಆದ್ದರಿಂದ ಆ ವಾಲ್ವ್ ಸರಿಯಿದೆ ಎಂದುಕೊಂಡಿದ್ದೇನೆ. ಕಾಯಿಲಿನ ತುದಿಗಳು ಹಿರಿಯರು ಹೇಳಿದಂತೆಯೇ ತಿರುಗುಮುರುಗಾಗಿದ್ದವು. ಸರಿಪಡಿಸಿದ ಮೇಲೂ ಐಡ್ಲಿಂಗ್‌ನಲ್ಲಿ ಬದಲಾವಣೆ ಕಾಣಲಿಲ್ಲ.

ಸಿಲಿಂಡರುಗಳನ್ನು ಒಂದೊಂದಾಗಿ ನಿಲ್ಲಿಸಿದಾಗ ಒಂದು ಮತ್ತು ಎರಡರಲ್ಲಿ ಸುಮಾರು 150 ಸುತ್ತು ಬಿದ್ದು ಎಂಜಿನ್ ನಿಂತೇಹೋಗುವ ಹಾಗಾಯಿತು. ನಾಲ್ಕರಲ್ಲಿ 50 ಸುತ್ತು ಮಾತ್ರ ಇಳಿಯಿತು. ಮೂರರಲ್ಲಿ ಏನೂ ಇಲ್ಲ. ಮೂರು ಮತ್ತು ನಾಲ್ಕು ಎಂದಮೇಲೆ ದೋಷ ಹಿಂದಿನ ಕಾರ್ಬುರೇಟರಿನದೇ ಎಂದು ತಿಳಿಯಬಹುದೇ?

ಚಿಂಚವಾಡ, ಪುಣೆ

ನಾನು ಎಂಜಿನ್ ಹೆಡ್‌ಗಳ ಯಂತ್ರಗೆಲಸ ಮಾಡುವವನು, ಆದ್ದರಿಂದ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ ಎಂಬುದನ್ನು ಗಮನದಲ್ಲಿಟ್ಟುಕೊಂಡು ಓದಿ. ಹಿಂದಿನ ಕಾರ್ಬುರೇಟರೊಂದೇ ಕಾರಣವಾಗಿದ್ದರೆ ಮೂರು ಮತ್ತು ನಾಲ್ಕು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಸೊರಗಬೇಕಿತ್ತು. ನಿಮ್ಮ ಅಳತೆಯಲ್ಲಿ ನಾಲ್ಕು ಸೊರಗಿದೆ, ಮೂರು ಪೂರ್ತಿ ನಿಂತಿದೆ. ಎರಡು ದೋಷಗಳು ಒಂದರ ಮೇಲೊಂದು ಕುಳಿತಿರುವ ಸಾಧ್ಯತೆಯನ್ನು ಈ ವ್ಯತ್ಯಾಸ ಸೂಚಿಸುತ್ತದೆ: ಎರಡೂ ಸಿಲಿಂಡರುಗಳಿಗೆ ಸೇರಿದ ಒಂದು, ಮೂರಕ್ಕೆ ಮಾತ್ರ ಸೇರಿದ ಇನ್ನೊಂದು.

ಕಾರ್ಬುರೇಟರಿನ ಸ್ಕ್ರೂಗಳನ್ನು ಮುಟ್ಟುವ ಮೊದಲು ಟ್ಯಾಪೆಟ್ ಸಂದು (ವಾಲ್ವಿನ ತುದಿಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಅಂತರ) ಮತ್ತು ಕಂಪ್ರೆಷನ್ (ಸಿಲಿಂಡರಿನೊಳಗೆ ಹುಟ್ಟುವ ಒತ್ತಡ) ನೋಡಿ. ಮುಚ್ಚಿಕೊಳ್ಳದ ವಾಲ್ವನ್ನು ಯಾವ ಕಾರ್ಬುರೇಟರ್ ಟ್ಯೂನಿಂಗೂ ಸರಿಪಡಿಸಲಾರದು, ಆದರೆ ಹಾಗೆ ಟ್ಯೂನ್ ಮಾಡಲು ಹೋಗಿ ಸರಿಯಿದ್ದ ಕಾರ್ಬುರೇಟರನ್ನೂ ಹದಗೆಡಿಸಬಹುದು. ಕಂಪ್ರೆಷನ್ ಪರೀಕ್ಷೆಗೆ ಎಂಜಿನ್ ಬಿಸಿಯಾಗಿರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು, ಬ್ಯಾಟರಿ ತುಂಬಿರಬೇಕು. 8.8ಕ್ಕೆ 1ರ ಅನುಪಾತದ ಈ ಎಂಜಿನ್ ಚೆನ್ನಾಗಿದ್ದರೆ 150–160 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ತೋರಿಸುತ್ತದೆ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ; ಒತ್ತಡ ಚೆನ್ನಾಗಿ ಏರಿದರೆ ಪಿಸ್ಟನ್ನಿನ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.

ಟ್ಯಾಪೆಟ್ ಸಂದು ತಣ್ಣಗಿರುವಾಗ 0.015 ಇಂಚು, ಅಂದರೆ 0.38 ಮಿ.ಮೀ. ಮುಂದಿನಿಂದ ಎಣಿಸಿದರೆ 1, 4, 5, 8 ಎಕ್ಸಾಸ್ಟ್ ವಾಲ್ವ್‌ಗಳು, ಉಳಿದವು ಇನ್‌ಲೆಟ್. ಪೂರ್ತಿ ತೆರೆದಿರುವ ವಾಲ್ವಿನ ಸಂಖ್ಯೆಯನ್ನು ಒಂಬತ್ತರಿಂದ ಕಳೆದರೆ ಅಳೆಯಬೇಕಾದ ವಾಲ್ವ್ ಸಿಗುತ್ತದೆ. ನಾಲ್ಕನೆಯದು ತೆರೆದಿದ್ದಾಗ ಐದನೆಯದನ್ನು ಅಳೆಯಬೇಕು. ಆ ಐದನೆಯದೇ ನಿಮ್ಮ ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್. ಅದರ ಮೇಲೆ ನನಗೆ ವಿಶೇಷ ಅನುಮಾನವಿದೆ: ಎರಡು ಸಿಲಿಂಡರುಗಳ ಬೆಂಕಿಯನ್ನು ಒಟ್ಟಿಗೆ ಹೊರಬಿಡುವ ನಡುವಿನ ದ್ವಾರದ ಪಕ್ಕದಲ್ಲಿ ಅದು ಇರುವುದರಿಂದ ಹೆಚ್ಚು ಬಿಸಿಯಾಗುತ್ತದೆ.

ಕೋಥ್ರೂಡ್, ಪುಣೆ

ಅಳತೆಗಳು ಹೀಗಿವೆ. ಕಂಪ್ರೆಷನ್: ಒಂದು 155, ಎರಡು 150, ಮೂರು 95, ನಾಲ್ಕು 155. ಮೂರಕ್ಕೆ ಆಯಿಲ್ ಬಿಟ್ಟ ಮೇಲೂ 100 ದಾಟಲಿಲ್ಲ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಟ್ಯಾಪೆಟ್ ನೋಡಿದರೆ ಐದನೆಯ ವಾಲ್ವಿನಲ್ಲಿ ಸಂದು ಅಳೆಯುವ ಅತ್ಯಂತ ತೆಳುವಾದ ಫೀಲರ್ ಗೇಜು ಕೂಡ ಒಳಗೆ ಹೋಗಲಿಲ್ಲ. ನಾಲ್ಕನೆಯದರ ಸಂದು 0.25 ಮಿ.ಮೀ.ಗೆ ಇಳಿದಿತ್ತು, ಉಳಿದವು ಹೆಚ್ಚುಕಡಿಮೆ ಸರಿಯಿದ್ದವು. ಎಲ್ಲವನ್ನೂ 0.38ಕ್ಕೆ ಹೊಂದಿಸಿ ಮತ್ತೆ ಅಳೆದಾಗ ಮೂರನೆಯ ಸಿಲಿಂಡರು 130ಕ್ಕೆ ಏರಿತು. ಐಡ್ಲಿಂಗ್ ಮೊದಲಿಗಿಂತ ಎಷ್ಟೋ ಮೇಲು, ಆದರೂ ಸ್ವಸ್ಥವಾಗಿಲ್ಲ.

ಚಿಂಚವಾಡ, ಪುಣೆ

ಈ ಅಂಕಿಗಳು ಬಹಳಷ್ಟನ್ನು ಹೇಳುತ್ತವೆ. ಎರಡನೆಯ ಸಿಲಿಂಡರು 150 ತೋರಿಸುತ್ತಿರುವುದರಿಂದ ಎರಡು ಮತ್ತು ಮೂರರ ನಡುವಿನ ಗ್ಯಾಸ್ಕೆಟ್ ಸೋರುತ್ತಿಲ್ಲ. ಆಯಿಲ್ ಬಿಟ್ಟರೂ ಏರಲಿಲ್ಲವಾದ್ದರಿಂದ ರಿಂಗ್ ತಪ್ಪಿತಸ್ಥನಲ್ಲ. ತಣ್ಣಗಿರುವಾಗಲೇ ಸಂದು ಇಲ್ಲದ ಎಕ್ಸಾಸ್ಟ್ ವಾಲ್ವಿನ ಕಾಂಡ ಬಿಸಿಯಾದಾಗ ಉದ್ದವಾಗಿ ತಾನು ಕುಳಿತು ದ್ವಾರ ಮುಚ್ಚಬೇಕಾದ ಸೀಟಿನಿಂದ ಮೇಲೇಳುತ್ತದೆ. ನಿಮ್ಮ ಗಾಡಿ ಬೆಳಿಗ್ಗೆ ಚೆನ್ನಾಗಿದ್ದು ಬಿಸಿಯಾದ ಮೇಲೆ ಕೆಡುತ್ತಿದ್ದುದಕ್ಕೆ ಇದು ಮುಖ್ಯ ಕಾರಣ. ಸುತ್ತು ಏರಿದಾಗ ಸೋರುವುದಕ್ಕೆ ಕಾಲಾವಕಾಶ ಕಡಿಮೆಯಾಗುವುದರಿಂದ ಘಾಟಿಯಲ್ಲಿ ದೋಷ ಮರೆಯಾಗುತ್ತಿತ್ತು.

ಸಂದು ಏಕೆ ಮುಚ್ಚಿತು ಎಂಬುದು ಮುಂದಿನ ಪ್ರಶ್ನೆ. ಟ್ಯಾಪೆಟ್ ಸವೆದರೆ ಸಂದು ಹೆಚ್ಚಾಗುತ್ತದೆ. ಕಡಿಮೆಯಾಗಬೇಕಾದರೆ ವಾಲ್ವ್ ಹೆಡ್‌ನ ಒಳಕ್ಕೆ ಇಳಿದಿರಬೇಕು. ಈ ಹೆಡ್‌ನಲ್ಲಿ ಎಕ್ಸಾಸ್ಟ್ ಸೀಟುಗಳು ಪ್ರತ್ಯೇಕವಾಗಿ ಕೂರಿಸಿದ ಉಂಗುರಗಳಲ್ಲ, ಎರಕದ ಕಬ್ಬಿಣದಲ್ಲಿಯೇ ಕಡೆದವು. ಪೆಟ್ರೋಲಿನಲ್ಲಿ ಸೀಸವಿದ್ದ ಕಾಲದಲ್ಲಿ ಅದು ಉರಿದು ಉಳಿಯುವ ತೆಳುಲೇಪ ಸೀಟಿಗೂ ವಾಲ್ವಿಗೂ ನಡುವೆ ರಕ್ಷಣೆಯಾಗಿ ನಿಲ್ಲುತ್ತಿತ್ತು. 2000ದ ಫೆಬ್ರವರಿಯಿಂದ ದೇಶದೆಲ್ಲೆಡೆ ಸೀಸರಹಿತ ಪೆಟ್ರೋಲು ಬಂದಿತು; ಜನರ ಆರೋಗ್ಯಕ್ಕೆ ಅದು ಆಗಲೇಬೇಕಾಗಿದ್ದ ಕೆಲಸ, ಆದರೆ ಇಂಥ ಹೆಡ್‌ಗಳ ರಕ್ಷಣೆ ಅಲ್ಲಿಗೆ ಹೋಯಿತು. ಅತಿ ಬಿಸಿಯಲ್ಲಿ ವಾಲ್ವಿನ ಅಂಚು ಸೀಟಿನ ಕಬ್ಬಿಣಕ್ಕೆ ಕ್ಷಣಮಾತ್ರ ಅಂಟಿ, ಏಳುವಾಗ ಕಣಗಳನ್ನು ಕಿತ್ತುಕೊಂಡು ಬರುತ್ತದೆ. ಸೀಟು ಹೀಗೆ ಸವೆಯುತ್ತಾ ವಾಲ್ವ್ ಒಳಸರಿಯುತ್ತದೆ. ನಾಲ್ಕನೆಯ ವಾಲ್ವ್ ಕೂಡ, ಅಂದರೆ ಎರಡನೆಯ ಸಿಲಿಂಡರಿನ ಎಕ್ಸಾಸ್ಟ್, ಅದೇ ದಾರಿ ಹಿಡಿದಿದೆ. ಸಂದು ಸರಿಪಡಿಸಿದ ಮೇಲೂ ಮೂರನೆಯದು 130ರಲ್ಲೇ ನಿಂತಿರುವುದರಿಂದ ಆ ವಾಲ್ವಿನ ಅಂಚು ಸುಟ್ಟಿರಬೇಕೆಂದು ನನ್ನ ಅಂದಾಜು.

ಹೆಡ್ ಇಳಿಸುವ ಮೊದಲು ಖಚಿತಪಡಿಸಿಕೊಳ್ಳಿ. ಮೂರನೆಯ ಸಿಲಿಂಡರನ್ನು ಕಂಪ್ರೆಷನ್ನಿನ ತುದಿಗೆ ತಂದು, ಗಾಡಿಯನ್ನು ಟಾಪ್ ಗೇರಿನಲ್ಲಿಟ್ಟು ಬ್ರೇಕ್ ಹಾಕಿ, ಪ್ಲಗ್ಗಿನ ರಂಧ್ರದಿಂದ ಕಂಪ್ರೆಸರ್ ಗಾಳಿ ಬಿಡಿ. ಸೈಲೆನ್ಸರಿನ ಬಾಯಿಯಲ್ಲಿ ಹಿಸ್ಸೆನ್ನುವ ಸದ್ದು ಬಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬುರೇಟರಿನಲ್ಲಿ ಬಂದರೆ ಇನ್‌ಲೆಟ್, ಆಯಿಲ್ ಮುಚ್ಚಳದಲ್ಲಿ ಬಂದರೆ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆಗಳೆದ್ದರೆ ಗ್ಯಾಸ್ಕೆಟ್.

ಮಾಟುಂಗಾ, ಮುಂಬಯಿ

ನಾಲ್ಕನೆಯ ಸಿಲಿಂಡರನ್ನು ಮರೆಯಬೇಡಿ. ಅದರ ಕಂಪ್ರೆಷನ್ 155 ಇದ್ದೂ ಅರ್ಧ ಕೆಲಸವನ್ನಷ್ಟೇ ಮಾಡುತ್ತಿದೆ ಎಂದರೆ ಹಿಂದಿನ ಕಾರ್ಬುರೇಟರಿನ ಕಡೆ ಗಾಳಿ ಸೋರುತ್ತಿರಬೇಕು. ಐವತ್ತು ವರ್ಷ ದಾಟಿದ ಎಚ್‌ಎಸ್4ನಲ್ಲಿ ನಾನು ಮೊದಲು ನೋಡುವುದು ಗಾಳಿಯ ದಾರಿಯ ತಟ್ಟೆಯನ್ನು ತಿರುಗಿಸುವ ಥ್ರಾಟಲ್ ಸ್ಪಿಂಡಲಿನ ಎರಡು ತುದಿಗಳನ್ನು. ಕ್ಲೀನರ್ ಸ್ಪ್ರೇ ಬಳಸಬೇಡಿ. ಈ ಗಾಡಿಯಲ್ಲಿ ಕಾರ್ಬುರೇಟರುಗಳ ಕೆಳಗೇ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇರುವುದರಿಂದ ಬೆಂಕಿಯ ಅಪಾಯವಿದೆ. ಎಣ್ಣೆಬುಡ್ಡಿಯಿಂದ ಸ್ಪಿಂಡಲಿನ ತುದಿಗೆ ದಪ್ಪ ಆಯಿಲಿನ ಹನಿಗಳನ್ನು ಬಿಡಿ. ಐಡ್ಲಿಂಗ್ ಕೆಲವು ಕ್ಷಣ ನಯವಾಗಿ ಮತ್ತೆ ಕೆಟ್ಟರೆ ಸೋರಿಕೆ ಅಲ್ಲೇ ಇದೆ. ಪಿಸ್ಟನ್ ಎತ್ತುವ ಪಿನ್ನನ್ನು ಒಂದು ಮಿ.ಮೀ.ಗಿಂತ ಕಡಿಮೆ ಎತ್ತಿಯೂ ನೋಡಬಹುದು: ಸುತ್ತು ಸ್ವಲ್ಪ ಏರಿ ಸ್ಥಿರವಾದರೆ ಮಿಶ್ರಣ ಸರಿ, ಏರಿ ಏರಿಯೇ ಉಳಿದರೆ ದಪ್ಪ, ಎಂಜಿನ್ ನಿಲ್ಲಲು ಬಂದರೆ ತೆಳು. ಆದರೆ ಸತ್ತ ಸಿಲಿಂಡರಿರುವಾಗ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ, ಆದ್ದರಿಂದ ಹೆಡ್ ಕೆಲಸವಾದ ಮೇಲೆ ಮಾಡಿ.

ವ್ಯಾಕ್ಯೂಮ್ ಗೇಜು ಇದ್ದವರಿಗೆ ಒಂದು ಸೂಚನೆ. ಸಮುದ್ರಮಟ್ಟದ ಮುಂಬಯಿಯಲ್ಲಿ ಪಾದರಸದ 18 ರಿಂದ 20 ಇಂಚು ತೋರಿಸುವ ಎಂಜಿನ್, ಸುಮಾರು 560 ಮೀಟರ್ ಎತ್ತರದ ಪುಣೆಯಲ್ಲಿ ಎರಡು ಇಂಚಿನಷ್ಟು ಕಡಿಮೆ ತೋರಿಸುತ್ತದೆ. ಮುಳ್ಳು ನಿಂತಲ್ಲಿ ನಿಲ್ಲುತ್ತದೆಯೇ, ಲಯಬದ್ಧವಾಗಿ ಕುಸಿಯುತ್ತದೆಯೇ ಎಂಬುದನ್ನೇ ಗಮನಿಸಬೇಕು.

ಕೋಥ್ರೂಡ್, ಪುಣೆ

ಗಾಳಿ ಬಿಟ್ಟಾಗ ಸದ್ದು ಸೈಲೆನ್ಸರಿನಲ್ಲಿಯೇ ಕೇಳಿಸಿತು. ಹಿಂದಿನ ಕಾರ್ಬುರೇಟರಿನ ಸ್ಪಿಂಡಲಿಗೆ ಆಯಿಲ್ ಬಿಟ್ಟಾಗ ನಡುಕ ಸ್ಪಷ್ಟವಾಗಿ ತಗ್ಗಿತು, ಮುಂದಿನದರಲ್ಲಿ ಏನೂ ಆಗಲಿಲ್ಲ. ಹೆಡ್ ಇಳಿಸಲು ನಿಶ್ಚಯಿಸಿದ್ದೇನೆ. ಎಚ್ಚರಿಕೆಗಳೇನಾದರೂ ಇವೆಯೇ?

ಚಿಂಚವಾಡ, ಪುಣೆ

ಇವೆ. ರಾಕರ್ ಶಾಫ್ಟಿನ ಕಂಬಗಳನ್ನು ಹಿಡಿದಿರುವ ನಟ್‌ಗಳಲ್ಲಿ ಕೆಲವು ಹೆಡ್‌ನ ನಟ್‌ಗಳೇ ಆಗಿವೆ, ಆದ್ದರಿಂದ ಮೊದಲು ಕೂಲಂಟ್ ಇಳಿಸಿ, ಎಲ್ಲ ನಟ್‌ಗಳನ್ನೂ ಕ್ರಮವಾಗಿ ಸ್ವಲ್ಪಸ್ವಲ್ಪವೇ ಸಡಿಲಿಸಿ. ರಾಕರ್ ಕಂಬದ ನಟ್‌ಗಳನ್ನಷ್ಟೇ ಬಿಚ್ಚಿದರೆ ಹೆಡ್ ಡೊಂಕಾಗುವ ಭಯವಿದೆ. ರಾಕರ್‌ಗಳನ್ನು ತಳ್ಳುವ ಕಡ್ಡಿಗಳಾದ ಪುಷ್‌ರಾಡ್‌ಗಳನ್ನು ರಟ್ಟಿನಲ್ಲಿ ತೂತು ಮಾಡಿ ಅದೇ ಕ್ರಮದಲ್ಲಿ ಚುಚ್ಚಿಡಿ. ಯಂತ್ರಶಾಲೆಯಲ್ಲಿ ನಾಲ್ಕೂ ಎಕ್ಸಾಸ್ಟ್ ಸೀಟುಗಳಿಗೆ ಗಡಸು ಉಕ್ಕಿನ ಉಂಗುರಗಳನ್ನು ಕೂರಿಸಿ, ಸೀಸರಹಿತ ಪೆಟ್ರೋಲಿಗೆ ತಕ್ಕ ಎಕ್ಸಾಸ್ಟ್ ವಾಲ್ವ್‌ಗಳನ್ನೇ ಹಾಕಿ ಎಂದು ಕೇಳಿ, ವಾಲ್ವಿನ ಕಾಂಡ ಜಾರುವ ಗೈಡ್‌ಗಳ ಸವೆತವನ್ನೂ ಅಳೆಸಿ. ಒಂದೇ ಸೀಟನ್ನು ಮಾಡಿಸಿ ಉಳಿದ ಮೂರನ್ನು ಬಿಡುವುದು ಸರಿಯಲ್ಲ, ನಾಲ್ಕನೆಯ ವಾಲ್ವ್ ಈಗಾಗಲೇ ಇಳಿದಿದೆ.

ಮತ್ತೆ ಜೋಡಿಸುವಾಗ ಇನ್‌ಲೆಟ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡುಗಳೆರಡನ್ನೂ ಒಂದೇ ಸ್ಟಡ್ಡಿನ ದಪ್ಪ ವಾಷರ್ ಒತ್ತಿ ಹಿಡಿಯುತ್ತದೆ ಎಂಬುದನ್ನು ಮರೆಯಬೇಡಿ. ಎರಡರ ಫ್ಲ್ಯಾಂಜ್ ದಪ್ಪ ಒಂದೇ ಇರದಿದ್ದರೆ ಒಂದು ಬಿಗಿಯಾಗಿ ಇನ್ನೊಂದು ಸೋರುತ್ತದೆ. ಹಾಗಾದರೆ ಇಷ್ಟೆಲ್ಲ ಕೆಲಸದ ನಂತರವೂ ಹಳೆಯ ಐಡ್ಲಿಂಗೇ ಮರಳಿ ಬರುತ್ತದೆ. ಹೆಡ್ ನಟ್‌ಗಳ ಬಿಗಿತ 45–50 ಪೌಂಡ್ ಅಡಿ.

ಕೋಥ್ರೂಡ್, ಪುಣೆ

ಕೆಲಸ ಮುಗಿಯಿತು. ಐದನೆಯ ವಾಲ್ವಿನ ಅಂಚಿನಲ್ಲಿ ಉಗುರಿನಷ್ಟು ಭಾಗ ಸುಟ್ಟು ಹೋಗಿತ್ತು, ಸೀಟು ಕಣ್ಣಿಗೆ ಕಾಣುವಷ್ಟು ತಗ್ಗಾಗಿತ್ತು. ನಾಲ್ಕೂ ಎಕ್ಸಾಸ್ಟ್ ಸೀಟುಗಳು ಹೊಸದಾದವು. ಎರಡೂ ಕಾರ್ಬುರೇಟರುಗಳಿಗೆ ಬುಷ್ ಕೂರಿಸಿ ಹೊಸ ಸ್ಪಿಂಡಲ್ ಹಾಕಿಸಿದೆವು. ಈಗ ನಾಲ್ಕೂ ಸಿಲಿಂಡರುಗಳು 155ರಿಂದ 160ರೊಳಗಿವೆ. ನಡುವಿನ ಕ್ಲಾಂಪ್ ಸಡಿಲಿಸಿ, ರಬ್ಬರ್ ನಳಿಕೆಯಿಂದ ಎರಡೂ ಕಾರ್ಬುರೇಟರುಗಳ ಗಾಳಿಯ ಸದ್ದನ್ನು ಆಲಿಸಿ ಸಮ ಮಾಡಿ, ಆಮೇಲೆ ಜೆಟ್ ನಟ್‌ಗಳನ್ನು ಎಥನಾಲಿನ ಲೆಕ್ಕಕ್ಕೆ ಸ್ವಲ್ಪ ಕೆಳಗಿಳಿಸಿದೆವು. ಪಿನ್ ಎತ್ತಿದರೆ ಎರಡರಲ್ಲೂ ಸುತ್ತು ತುಸು ಏರಿ ನಿಲ್ಲುತ್ತದೆ. 750 ಸುತ್ತಿನಲ್ಲಿ ಗಾಡಿ ನಡುಗದೆ ನಿಲ್ಲುತ್ತಿರುವುದನ್ನು ತಂದೆಯವರು ಬಹಳ ಹೊತ್ತು ನಿಂತು ಕೇಳಿಸಿಕೊಂಡರು. ತಮ್ಮೆಲ್ಲರ ಉಪಕಾರ ದೊಡ್ಡದು.

ಠಾಣೆ

ಈ ಚರ್ಚೆಯನ್ನು ಮೊದಲಿನಿಂದ ಓದಿದೆ. ನನ್ನ ಬಳಿಯೂ ಅದೇ ಕಾಲದ ಗಾಡಿಯಿದೆ, ಈಗ ತೊಂದರೆಯೇನೂ ಇಲ್ಲ. ಮುನ್ನೆಚ್ಚರಿಕೆಯಾಗಿ ಹೆಡ್ ಇಳಿಸಿ ಸೀಟುಗಳನ್ನು ಬದಲಾಯಿಸಬೇಕೇ, ಅಥವಾ ಪೆಟ್ರೋಲಿಗೆ ಬೆರೆಸುವ ಸೀಸದ ಬದಲಿ ದ್ರಾವಣ ಸಾಕೇ?

ಚಿಂಚವಾಡ, ಪುಣೆ

ತೊಂದರೆಯಿಲ್ಲದ ಹೆಡ್ಡನ್ನು ಇಳಿಸಬೇಡಿ. ವಾರಕ್ಕೊಮ್ಮೆ ಊರೊಳಗೆ ಮೆಲ್ಲಗೆ ಓಡುವ ಗಾಡಿಯಲ್ಲಿ ಈ ಸವೆತ ಬಹಳ ನಿಧಾನ. ಎಕ್ಸ್‌ಪ್ರೆಸ್‌ವೇಯಲ್ಲಿ ದೀರ್ಘಕಾಲ ಹೆಚ್ಚಿನ ಸುತ್ತಿನಲ್ಲಿ ಓಡಿಸಿದಾಗ ವೇಗ ಪಡೆಯುತ್ತದೆ. ನಂಬಿಕೆಯ ದ್ರಾವಣ ಸಿಕ್ಕರೆ ಅಂಥ ದೂರದ ಓಟಗಳಿಗೆ ಬೆರೆಸಬಹುದು. ಟ್ಯಾಪೆಟ್ ಹೊಂದಿಸುವಾಗಲೆಲ್ಲ, ಸರಿಪಡಿಸುವ ಮೊದಲಿನ ಸಂದನ್ನು ಎಂಟೂ ವಾಲ್ವ್‌ಗಳಿಗೆ ಬೇರೆಬೇರೆಯಾಗಿ ಬರೆದಿಡಿ. ಇನ್‌ಲೆಟ್‌ಗಳು ಹಾಗೆಯೇ ಇದ್ದು 4 ಅಥವಾ 5ನೆಯದು ಪ್ರತಿ ಸಲ ಕಿರಿದಾಗುತ್ತಿದ್ದರೆ ಆಗ ಹೆಡ್‌ನ ಕೆಲಸಕ್ಕೆ ಸಿದ್ಧತೆ ಮಾಡಿಕೊಳ್ಳಿ. ಕೋಥ್ರೂಡಿನವರಿಗೂ ಒಂದು ಮಾತು: ಹೊಸ ಗ್ಯಾಸ್ಕೆಟ್ ಕೆಲವು ನೂರು ಕಿಲೋಮೀಟರಿನಲ್ಲಿ ಕುಳಿತುಕೊಳ್ಳುತ್ತದೆ, ಆದ್ದರಿಂದ ಎಂಜಿನ್ ತಣ್ಣಗಿರುವಾಗ ಹೆಡ್ ನಟ್‌ಗಳನ್ನು ಮತ್ತೊಮ್ಮೆ ಕ್ರಮವಾಗಿ ಬಿಗಿದು, ಅದರಿಂದ ಟ್ಯಾಪೆಟ್ ಸಂದು ಬದಲಾಗುವುದರಿಂದ ಎಂಟನ್ನೂ ಪುನಃ 0.38ಕ್ಕೆ ಹೊಂದಿಸಿ.